ಮಂದಣ್ಣನಿಗೆ ಬೇಕಿದ್ದ ನೌಕರಿ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದ ಯಾರನ್ನಾದರೂ ಮಂದಣ್ಣ ಯಾರು ಎಂದು ಕೇಳಿ ನೋಡಿ. ಹಾರುವ ಓತಿಯನ್ನು ಕಂಡವನು, ಜೇನಿನವನು, ಕರ್ವಾಲೊ ಸಾಹೇಬರ ಶಿಷ್ಯ ಎಂದು ಥಟ್ಟನೆ ಉತ್ತರ ಬರುತ್ತದೆ. ಅವನಿಗೆ ಬೇಕಿದ್ದದ್ದೇನು ಎಂದು ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಹಿಡಿಯುತ್ತದೆ. ಓತಿಯಂತೂ ಅವನಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಒಂದು ನೌಕರಿ. ಆ ನೌಕರಿಯೂ ತನ್ನ ವಿದ್ಯೆಗೆ ತಕ್ಕದ್ದೆಂದು ಬೇಕಿದ್ದದ್ದಲ್ಲ. ಹೆಣ್ಣು ಕೊಡುವವರ ಮುಂದೆ ನಿಲ್ಲಲು ಬೇಕಿದ್ದದ್ದು. ಕಾಡಿನ ಹುಳುಹುಪ್ಪಟೆಯ ಚಲನವಲನವನ್ನೆಲ್ಲ ಕಣ್ಣಲ್ಲಿಟ್ಟುಕೊಂಡಿದ್ದ ಮನುಷ್ಯ, ತನ್ನ ಬದುಕಿಗೆ ಬೆಲೆ ಬರುವುದು ಯಾವುದೋ ಕಚೇರಿಯ ಬಾಗಿಲಲ್ಲಿ ಎಂದು ನಂಬಿದ್ದ.

1980ರಲ್ಲಿ ಬಂದ ಈ ಕಾದಂಬರಿಯನ್ನು ನಾವು ಪರಿಸರದ ಕಾದಂಬರಿ ಎಂದು ಓದಿದ್ದೇವೆ, ವಿಕಾಸವಾದದ ಕಾದಂಬರಿ ಎಂದು ಓದಿದ್ದೇವೆ, ನವ್ಯದ ಕತ್ತಲಕೋಣೆಯಿಂದ ಹೊರಬಂದ ಕಾದಂಬರಿ ಎಂದೂ ಓದಿದ್ದೇವೆ. ಅವೆಲ್ಲ ಸರಿಯೇ. ಆದರೆ ಪ್ರತಿಭೆಗೂ ಉದ್ಯೋಗಕ್ಕೂ ನಡುವೆ ಇರುವ ಕಂದಕವನ್ನು ಇಷ್ಟು ನಗುನಗುತ್ತ ತೋರಿಸಿದ ಇನ್ನೊಂದು ಕನ್ನಡ ಕಾದಂಬರಿ ನನಗೆ ತಕ್ಷಣಕ್ಕೆ ಹೊಳೆಯುತ್ತಿಲ್ಲ. ಪದವಿ ತರಗತಿಯ ಹುಡುಗ ಹುಡುಗಿಯರಿಗೆ ಈ ಪುಸ್ತಕ ನಾಟುವುದು ಬಹುಶಃ ಓತಿಯಿಂದಲ್ಲ, ಮಂದಣ್ಣನ ಈ ಒದ್ದಾಟದಿಂದ. ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪರೀಕ್ಷೆಯಲ್ಲಿ ಆ ಪ್ರಶ್ನೆ ಬರುವುದೂ ಇಲ್ಲ.

ಕಾದಂಬರಿಯ ನಿರೂಪಕ ಓದಿಕೊಂಡವನು, ಜಮೀನಿರುವವನು. ಮೂಡಿಗೆರೆಯ ಜೇನು ಸೊಸೈಟಿಯ ಸುತ್ತಮುತ್ತ ಅವನಿಗೆ ಸಿಗುವ ಮಂದಣ್ಣ ಮೊದಲ ನೋಟಕ್ಕೆ ಒಬ್ಬ ಪೆದ್ದ. ಊರಿನ ಎಣಿಕೆಯಲ್ಲಿ ಸೋಮಾರಿ, ಅಲೆಮಾರಿ. ಇಂಥವನ ಬೆನ್ನಿಗೆ ಕರ್ವಾಲೊ ಅವರಂಥ ದೊಡ್ಡ ವಿಜ್ಞಾನಿ ಯಾಕೆ ಬಿದ್ದಿದ್ದಾರೆ? ಅವನ ಮದುವೆಯ ವಿಷಯದಲ್ಲಿ ಅವರಿಗೇನು ಕೆಲಸ? ಅವನು ಕಳ್ಳಭಟ್ಟಿಯ ಕೇಸಿನಲ್ಲಿ ಸಿಕ್ಕಿಕೊಂಡರೆ ಇವರಿಗೆ ಯಾಕೆ ತಳಮಳ? ನಿರೂಪಕನ ಈ ಗೊಂದಲವೇ ಕಾದಂಬರಿಯ ಮೊದಲರ್ಧವನ್ನು ಎಳೆದುಕೊಂಡು ಹೋಗುತ್ತದೆ. ಕರ್ವಾಲೊ ಅವರ ಪ್ರಕಾರ ಮಂದಣ್ಣ ಹುಟ್ಟಾ ಜೀವವಿಜ್ಞಾನಿ. ಅದನ್ನು ಕೇಳಿ ನಿರೂಪಕನಿಗಾಗುವ ಆಶ್ಚರ್ಯದಲ್ಲಿ ಒಂದಿಷ್ಟು ಅಸೂಯೆಯೂ ಇದೆ ಎಂದು ನನ್ನ ಗುಮಾನಿ. ಪಕ್ಕದಲ್ಲಿ ಕೂತು ಬೀಡಿ ಸೇದುವವನಲ್ಲಿ ತಾನು ಕಾಣದ್ದನ್ನು ಇನ್ನೊಬ್ಬರು ಕಂಡುಬಿಟ್ಟಾಗ ಯಾರಿಗಾದರೂ ಆಗುವಂಥದು.

ಇಲ್ಲಿ ಕಾದಂಬರಿಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಪ್ರತಿಭೆಯನ್ನು ಅಳತೆಗೋಲಿನಿಂದ ಹುಡುಕಲು ಹೊರಟವರ ಕಥೆಯನ್ನು ನೋಡಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಸುಮಾರು 1,500 ಅಸಾಧಾರಣ ಬುದ್ಧಿಯ ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಲು ಶುರುಮಾಡಿದರು. ಆಯ್ಕೆಯ ಮೊದಲ ಜರಡಿ ಮೇಷ್ಟರುಗಳ ಕೈಯಲ್ಲಿತ್ತು. ತರಗತಿಯಲ್ಲಿ ಯಾರು ಚುರುಕು ಎಂದು ಅವರು ಹೆಸರು ಬರೆದುಕೊಟ್ಟರೆ, ಆ ಮಕ್ಕಳಿಗೆ ಬುದ್ಧಿಮತ್ತೆಯ ಪರೀಕ್ಷೆ. ಈ ಜರಡಿಯಲ್ಲಿ ಸೋರಿಹೋದವರಲ್ಲಿ ಇಬ್ಬರು ಹುಡುಗರಿದ್ದರು: ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್. ಪರೀಕ್ಷೆಗೆ ಕೂತರೂ ಆಯ್ಕೆಯ ಗೆರೆ ಮುಟ್ಟಲಿಲ್ಲ. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಆಯ್ಕೆಯಾದ ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಇದು ತುಂಬ ಸಲ ಹೇಳಿ ಸವೆದುಹೋದ ಕಥೆ. ಟರ್ಮನ್ನರನ್ನು ಗೇಲಿ ಮಾಡಲು ಇದನ್ನು ಬಳಸುವವರೇ ಹೆಚ್ಚು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅವರ ಇನ್ನೊಂದು ಹೋಲಿಕೆ. ಆ ಮಕ್ಕಳು ದೊಡ್ಡವರಾದ ಮೇಲೆ, ವೃತ್ತಿಯಲ್ಲಿ ತುಂಬ ಮುಂದೆ ಬಂದ 150 ಗಂಡಸರನ್ನೂ ಹಿಂದೆ ಉಳಿದ 150 ಗಂಡಸರನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬುದ್ಧಿಮತ್ತೆಯ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಸ್ವಭಾವದಲ್ಲಿ. ಹಿಡಿದ ಕೆಲಸ ಬಿಡದಿರುವುದು, ಗುರಿಯ ಸುತ್ತ ಬದುಕನ್ನು ಕಟ್ಟಿಕೊಳ್ಳುವುದು, ಆತ್ಮವಿಶ್ವಾಸ, ಕೀಳರಿಮೆ ಇಲ್ಲದಿರುವುದು, ಈ ನಾಲ್ಕರಲ್ಲಿ ಮುಂದೆ ಬಂದವರು ಎದ್ದು ಕಾಣುತ್ತಿದ್ದರು. ವ್ಯಕ್ತಿತ್ವ ವಿಕಸನದ ಶಿಬಿರ ನಡೆಸುವವರಿಗೆ ಇಷ್ಟು ಸಾಕು: ನೋಡಿ, ಬುದ್ಧಿ ಎಲ್ಲರಿಗೂ ಇದೆ, ಆತ್ಮವಿಶ್ವಾಸವಿದ್ದವನು ಗೆದ್ದ! ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮುಂದೆ ಬಂದವರ ತಂದೆಯರಲ್ಲಿ ಕಾಲೇಜು ಓದಿದವರ ಪ್ರಮಾಣ ಹಿಂದೆ ಉಳಿದವರ ತಂದೆಯರಿಗಿಂತ ಬಹಳ ಹೆಚ್ಚು. ಅಂದರೆ ಸ್ವಭಾವ ಎಂದು ನಾವು ಹುಡುಗನ ಹೆಸರಿಗೆ ಬರೆಯುವ ಆ ಧೈರ್ಯದಲ್ಲಿ ಎಷ್ಟು ಪಾಲು ಮನೆಯ ಜಗುಲಿಯಲ್ಲಿ ಸಿಕ್ಕಿದ್ದು? ಹೋಲಿಕೆಗೆ ಗಂಡಸರನ್ನಷ್ಟೇ ತೆಗೆದುಕೊಂಡದ್ದೂ ನೆನಪಿರಲಿ. ಅಷ್ಟೇ ಬುದ್ಧಿಯ ಹೆಂಗಸರು ಹೆಚ್ಚಾಗಿ ಮನೆ ನೋಡಿಕೊಳ್ಳುತ್ತಿದ್ದರು. ಅವರ ಯಶಸ್ಸನ್ನು ಅಳೆಯುವ ಕೋಲು ಇರಲಿಲ್ಲ.

ಈಗ ಮಂದಣ್ಣನನ್ನು ಈ ಜರಡಿಯ ಮುಂದೆ ನಿಲ್ಲಿಸಿ ನೋಡಿ. ಯಾವ ಮೇಷ್ಟರು ಅವನ ಹೆಸರು ಬರೆದುಕೊಡುತ್ತಿದ್ದರು? ಇಂದಿನ ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಐದು ದೊಡ್ಡ ಗುಣಗಳಲ್ಲಿ ಅಳೆಯುತ್ತಾರೆ. ಹೊಸದಕ್ಕೆ ತೆರೆದುಕೊಳ್ಳುವ ಗುಣ ಪ್ರತಿಭಾವಂತರಲ್ಲಿ ಹೆಚ್ಚು, ಶಿಸ್ತು ಮತ್ತು ಶ್ರದ್ಧೆಯ ಗುಣ ನೌಕರಿಯಲ್ಲಿ ಚೆನ್ನಾಗಿ ಕೆಲಸ ಮಾಡುವವರಲ್ಲಿ ಹೆಚ್ಚು ಎನ್ನುವುದು ಅವರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಮಾತು. ಮಂದಣ್ಣನ ಶ್ರದ್ಧೆಗೆ ಎಷ್ಟು ಅಂಕ? ಊರಿನವರು ತುಂಬಿಕೊಟ್ಟ ಪಟ್ಟಿಯಲ್ಲಿ ಸೊನ್ನೆ. ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮಾಡುವ ಜಾತಿಯವನಲ್ಲ ಅವನು. ಆದರೆ ಒಂದು ಜೇನಿನ ದಾರಿ ಹಿಡಿದು ಹೊತ್ತು ಗೊತ್ತಿಲ್ಲದೆ ಕಾಯುವ, ಮಿಂಚುಹುಳದ ಮರಿ ಎಲ್ಲಿ ಸಿಗುತ್ತದೆಂದು ಹುಡುಕಿ ತರುವ ಮನುಷ್ಯನ ಶ್ರದ್ಧೆಯನ್ನು ಕರ್ವಾಲೊ ಅಳೆದರೆ ಅದು ಬೇರೆಯೇ ಲೆಕ್ಕ. ಒಂದೇ ಗುಣ, ಎರಡು ಜಾಗ, ಎರಡು ಅಂಕ. ಮನುಷ್ಯನ ನಡವಳಿಕೆ ಅವನೊಳಗಿನ ಸ್ಥಿರ ಗುಣಕ್ಕಿಂತ ಸಂದರ್ಭವನ್ನು ಹೆಚ್ಚು ನೆಚ್ಚಿಕೊಂಡಿರುತ್ತದೆ ಎಂದು ವಾಲ್ಟರ್ ಮಿಶೆಲ್ 1968ರಲ್ಲಿ ವಾದಿಸಿ ತಮ್ಮ ಕ್ಷೇತ್ರದಲ್ಲಿ ದೊಡ್ಡ ಜಗಳವನ್ನೇ ಎಬ್ಬಿಸಿದರು. ಮೂಡಿಗೆರೆಯ ಕಾಡಿನಲ್ಲಿ ಆ ವಾದಕ್ಕೆ ಸಾಕ್ಷಿ ಹುಡುಕಲು ಕಷ್ಟಪಡಬೇಕಿಲ್ಲ.

ಆತ್ಮವಿಶ್ವಾಸದ ಮಾತಿಗೆ ಬಂದರೆ ಇನ್ನೂ ಸ್ವಾರಸ್ಯವಿದೆ. ಆಲ್ಬರ್ಟ್ ಬಂಡೂರ 1977ರಲ್ಲಿ, ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ವಿವರಿಸುತ್ತ ನಾಲ್ಕು ಮೂಲಗಳನ್ನು ಹೇಳಿದರು. ತಾನೇ ಮಾಡಿ ಗೆದ್ದ ಅನುಭವ ಮೊದಲನೆಯದು. ತನ್ನಂಥ ಇನ್ನೊಬ್ಬ ಮಾಡಿದ್ದನ್ನು ಕಂಡದ್ದು ಎರಡನೆಯದು. ನಿನ್ನಿಂದಾಗುತ್ತದೆ ಎಂದು ಬಲ್ಲವರು ಹೇಳುವುದು ಮೂರನೆಯದು. ಕೊನೆಯದು ಎದೆ ಡವಗುಟ್ಟುವಂಥ ಮೈಯ ಸೂಚನೆಗಳು. ನಾಲ್ಕೇ ವರ್ಷದ ನಂತರ, 1981ರಲ್ಲಿ, ಗೇಲ್ ಹ್ಯಾಕೆಟ್ ಮತ್ತು ನ್ಯಾನ್ಸಿ ಬೆಟ್ಜ್ ಇದನ್ನು ಹೆಂಗಸರ ಉದ್ಯೋಗದ ಪ್ರಶ್ನೆಗೆ ಅನ್ವಯಿಸಿದರು. ಹುಡುಗಿಯರಿಗೆ ಸಾಮರ್ಥ್ಯವಿದ್ದೂ ಎಷ್ಟೋ ವೃತ್ತಿಗಳತ್ತ ಕಣ್ಣೆತ್ತಿಯೂ ನೋಡದಿರುವುದಕ್ಕೆ, ಆ ನಾಲ್ಕು ಮೂಲಗಳು ಅವರಿಗೆ ಎಟುಕದಿರುವುದು ಕಾರಣ ಎಂದರು. ಮಂದಣ್ಣನಿಗೆ ಮೊದಲ ಮೂಲ ಯಥೇಚ್ಛ. ಕಾಡಿನಲ್ಲಿ ಅವನಿಗೆ ಅಳುಕೆಂಬುದೇ ಇಲ್ಲ. ಆದರೆ ಎರಡನೆಯದು ಪೂರ್ತಿ ಬತ್ತಿದೆ. ಕಾಡು ಅಲೆಯುವುದನ್ನೇ ಉದ್ಯೋಗ ಮಾಡಿಕೊಂಡು, ಅದಕ್ಕೆ ಸಂಬಳ ಎಣಿಸಿಕೊಂಡು, ಹೆಣ್ಣಿನ ಮನೆಯವರ ಎದುರು ಕಾಲಮೇಲೆ ಕಾಲು ಹಾಕಿ ಕೂತ ಇನ್ನೊಬ್ಬ ಮಂದಣ್ಣನನ್ನು ಅವನು ಎಲ್ಲಿ ನೋಡಬೇಕು? ಕರ್ವಾಲೊ ಇದ್ದಾರೆ ನಿಜ, ಆದರೆ ಅವರು ಸಾಹೇಬರು. ಅವರನ್ನು ನೋಡಿ ‘ನಾನೂ ಹೀಗೆ’ ಎಂದುಕೊಳ್ಳುವುದು ಅವನಿಗೆ ಸಾಧ್ಯವಿಲ್ಲ.

ಹೀಗಾಗಿ ಅವನಲ್ಲಿ ಎರಡು ಬಗೆಯ ವಿಶ್ವಾಸ ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಬದುಕುತ್ತವೆ. ಬಲ್ಲೆನೆಂಬ ವಿಶ್ವಾಸ ಒಂದು, ಅದರಿಂದ ಬದುಕಬಲ್ಲೆನೆಂಬ ವಿಶ್ವಾಸ ಇನ್ನೊಂದು. ಮೊದಲನೆಯದರಲ್ಲಿ ಅವನು ಶ್ರೀಮಂತ. ಎರಡನೆಯದು ಅವನಿಗೆ ಹೊಳೆದೇ ಇಲ್ಲ. ತನಗೆ ಗೊತ್ತಿರುವುದನ್ನು ಅವನು ಕೆಲಸದ ಪಟ್ಟಿಗೆ ಸೇರಿಸಿಯೇ ಇಲ್ಲ. ಆದ್ದರಿಂದಲೇ ನೌಕರಿಗಾಗಿ ಅವನು ಪಡುವ ಪಾಡು ನಮಗೆ ನಗು ತರಿಸುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಂದಣ್ಣನ ಈ ಆಸೆ ಕಾದಂಬರಿಕಾರನ ಉತ್ಪ್ರೇಕ್ಷೆ ಅನ್ನಿಸಿದರೆ ಶ್ರೀನಿವಾಸ ರಾಮಾನುಜನ್ ಅವರನ್ನು ನೆನೆಯಬೇಕು. ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ನಪಾಸಾಗಿ ಕಾಲೇಜು ತಪ್ಪಿಸಿಕೊಂಡವರು. 1909ರಲ್ಲಿ ಮದುವೆಯಾಯಿತು, ಸಂಸಾರಕ್ಕೊಂದು ದಾರಿ ಬೇಕಾಯಿತು. ಅವರು ನೋಟ್‌ಬುಕ್ ಹಿಡಿದು ಡೆಪ್ಯುಟಿ ಕಲೆಕ್ಟರ್ ರಾಮಸ್ವಾಮಿ ಅಯ್ಯರ್ ಅವರ ಬಳಿ ಹೋದದ್ದು ಗಣಿತಕ್ಕೆ ಮಾನ್ಯತೆ ಬೇಡಿ ಅಲ್ಲ, ಒಂದು ಗುಮಾಸ್ತಿಕೆ ಬೇಡಿ. ಅಯ್ಯರ್ ಸ್ವತಃ ಗಣಿತ ಬಲ್ಲವರು, ಭಾರತೀಯ ಗಣಿತ ಸಂಘವನ್ನು ಕಟ್ಟಿದವರು. ಆ ಪುಟಗಳನ್ನು ನೋಡಿ, ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ ಈ ಪ್ರತಿಭೆಯ ಉಸಿರು ಕಟ್ಟಿಸಲಾರೆ ಎಂದುಕೊಂಡು, ಬಲ್ಲವರಿಗೆ ಪರಿಚಯಪತ್ರ ಕೊಟ್ಟು ಕಳಿಸಿದರು. ಕೊನೆಗೆ 1912ರಲ್ಲಿ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ ಸಿಕ್ಕಿತು. ಮರುವರ್ಷ ಜನವರಿಯಲ್ಲಿ ಅವರು ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರ ಈ ಗುಮಾಸ್ತಿಕೆಯ ಪರಿಚಯದಿಂದಲೇ ಶುರುವಾಗುತ್ತದೆ. ಹಾರ್ಡಿಗಿಂತ ಮೊದಲು ಬರೆದ ಪತ್ರಗಳಿಂದ ಏನೂ ಗಿಟ್ಟಿರಲಿಲ್ಲ ಎನ್ನುವುದನ್ನೂ ಇಲ್ಲಿ ಸೇರಿಸಬೇಕು. ಕಂಡದ್ದು ಒಂದೇ ಬಗೆಯ ಗಣಿತ. ನೋಡಿದ ಕಣ್ಣುಗಳು ಬೇರೆ.

ಈ ಕಣ್ಣಿಗೆ ನಮ್ಮ ಹಳೆಯ ಕಾವ್ಯಮೀಮಾಂಸೆಯಲ್ಲಿ ಒಂದು ಹೆಸರಿದೆ. ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ಒಡೆಯುತ್ತಾನೆ: ಕವಿಯದು ಕಾರಯಿತ್ರಿ, ಸಹೃದಯನದು ಭಾವಯಿತ್ರಿ. ಸಾಮಾನ್ಯವಾಗಿ ನಾವು ಇದನ್ನು ಬರೆಯುವ ಶಕ್ತಿ ಮತ್ತು ಮೆಚ್ಚುವ ಶಕ್ತಿ ಎಂದು ಟಿಪ್ಪಣಿ ಬರೆದುಕೊಂಡು ಪುಟ ತಿರುಗಿಸುತ್ತೇವೆ. ಅವನು ಹೇಳುವುದು ಅದಕ್ಕಿಂತ ಖಾರವಾದ ಮಾತು. ಕವಿಯ ಶ್ರಮವೆಂಬ ಗಿಡ ಫಲ ಬಿಡುವುದೇ ಭಾವಯಿತ್ರಿಯಿಂದ, ಅದಿಲ್ಲದಿದ್ದರೆ ಅದು ಬಂಜೆ. ಗುರುತಿಸುವುದೂ ಪ್ರತಿಭೆಯೇ, ಗುರುತಿಸದೆ ಪ್ರತಿಭೆ ಪೂರ್ಣವಾಗುವುದಿಲ್ಲ. ಕರ್ವಾಲೊ ಈ ಕಾದಂಬರಿಯ ಭಾವಕ. 1924ರಲ್ಲಿ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಪುಟ್ಟಪ್ಪ ಎಂಬ ಹುಡುಗನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದ ಜೇಮ್ಸ್ ಕಸಿನ್ಸ್ ಕೂಡ ಅಂಥವರೇ. ತಂದೆಯ ಬದುಕಿನ ಆ ಪ್ರಸಂಗವನ್ನು ತೇಜಸ್ವಿ ಕೇಳಿಯೇ ಬೆಳೆದಿರಬೇಕು. ಕರ್ವಾಲೊ ಪಾತ್ರದಲ್ಲಿ ಅದರ ನೆರಳಿದೆ ಎಂದು ಹೇಳಿದರೆ ಬಲವಂತವಾದೀತು, ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ.

ಅದೇ ಗ್ರಂಥದಲ್ಲಿ ಕವಿತ್ವಕ್ಕೆ ಎಂಟು ಜನ ತಾಯಂದಿರು ಎಂಬ ಮಾತೂ ಬರುತ್ತದೆ. ಆರೋಗ್ಯ, ಪ್ರತಿಭೆ, ಅಭ್ಯಾಸ, ಭಕ್ತಿ, ಬಲ್ಲವರೊಡನೆ ಮಾತುಕತೆ, ಬಹುಶ್ರುತತೆ, ಗಟ್ಟಿಯಾದ ನೆನಪು, ಕೊನೆಯದಾಗಿ ಅನಿರ್ವೇದ. ಎಂಟರಲ್ಲಿ ಪ್ರತಿಭೆಗೆ ಸಿಕ್ಕಿದ್ದು ಒಂದೇ ಸ್ಥಾನ ಎನ್ನುವುದನ್ನು ಗಮನಿಸಬೇಕು. ಆ ಕೊನೆಯ ತಾಯಿಯ ಹೆಸರಂತೂ ನನಗೆ ತುಂಬ ಇಷ್ಟ. ನಿರ್ವೇದವೆಂದರೆ ಇನ್ನು ನನ್ನಿಂದಾಗದು ಎಂದು ಕೈಚೆಲ್ಲುವುದು, ಅದಿಲ್ಲದಿರುವುದು ಅನಿರ್ವೇದ. ಲಂಕೆಯನ್ನೆಲ್ಲ ಜಾಲಾಡಿದರೂ ಸೀತೆಯನ್ನು ಕಾಣದ ಹನುಮಂತ ತನಗೆ ತಾನೇ ನೆನಪು ಮಾಡಿಕೊಳ್ಳುವುದು ಈ ಗುಣವನ್ನೇ. ಇಂದಿನ ‘ಕಾನ್ಫಿಡೆನ್ಸ್’ ಎಂಬ ಮಾತಿಗೂ ಇದಕ್ಕೂ ಅಂತರವಿದೆ. ಕಾನ್ಫಿಡೆನ್ಸ್ ಎಂದರೆ ನಮ್ಮ ಕಾಲೇಜುಗಳಲ್ಲಿ ಎದೆಯುಬ್ಬಿಸಿ, ಇಂಗ್ಲಿಷಿನಲ್ಲಿ, ತಡೆಯದೆ ಮಾತಾಡುವುದು ಎಂದಾಗಿದೆ. ಅನಿರ್ವೇದ ಮಾತೇ ಆಡಬೇಕಿಲ್ಲ. ಅದು ಹುಡುಕುತ್ತಲೇ ಇರುತ್ತದೆ. ಮಂದಣ್ಣನಲ್ಲಿ ಮೊದಲನೆಯದು ಎಳ್ಳಷ್ಟೂ ಇಲ್ಲ, ಎರಡನೆಯದು ಕಾಡಿನ ಮಟ್ಟಿಗೆ ಮೈತುಂಬ ಇದೆ. ಸಂದರ್ಶನದ ಮೇಜಿನಾಚೆ ಕೂತವರಿಗೆ ಕಾಣುವುದು ಮೊದಲನೆಯದು ಮಾತ್ರ.

ಅಂದಹಾಗೆ, ಪ್ರತಿಭೆ ಆತ್ಮಕ್ಕೆ ಸೇರಿದ್ದು, ಅದು ಹೆಣ್ಣು ಗಂಡು ನೋಡುವುದಿಲ್ಲ ಎಂದೂ ರಾಜಶೇಖರ ಹೇಳಿದ್ದಾನೆ. ತನ್ನ ಹೆಂಡತಿ ಅವಂತಿಸುಂದರಿಯ ಅಭಿಪ್ರಾಯಗಳನ್ನು ಹೆಸರು ಹಿಡಿದು ಉಲ್ಲೇಖಿಸಿದ ಶಾಸ್ತ್ರಕಾರ ಅವನು. ಟರ್ಮನ್ನರ 300 ಗಂಡಸರ ಪಕ್ಕದಲ್ಲಿ ಈ ಮಾತನ್ನಿಟ್ಟು ನೋಡಿದರೆ ಯಾರು ಹಳಬರು, ಯಾರು ಹೊಸಬರು ಎಂದು ಅನುಮಾನ ಬರುತ್ತದೆ.

ಕರ್ವಾಲೊ ಮಂದಣ್ಣನನ್ನು ನೋಡುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಅವನು ಹುಟ್ಟಾ ಜೀವವಿಜ್ಞಾನಿ ಎನ್ನುವಾಗ ಆ ‘ಹುಟ್ಟಾ’ ಎಂಬ ಮಾತು ಬಹಳಷ್ಟನ್ನು ಮುಚ್ಚಿಹಾಕುತ್ತದೆ. ಜೇನಿನ ಹಿಂದೆ ಅಲೆದ ವರ್ಷಗಳು, ಕಚ್ಚಿಸಿಕೊಂಡದ್ದು, ತಪ್ಪಿದ್ದು, ಮತ್ತೆ ಹೋದದ್ದು, ಇದನ್ನೆಲ್ಲ ವಿಶ್ವವಿದ್ಯಾಲಯದಲ್ಲಿ ಮಾಡಿದ್ದರೆ ತರಬೇತಿ ಎನ್ನುತ್ತಿದ್ದೆವು. ಕಾಡಿನಲ್ಲಿ ಮಾಡಿದ್ದರಿಂದ ಅದು ಹುಟ್ಟುಗುಣವಾಯಿತು. ಓದಿದವನದು ಸಾಧನೆ, ಓದದವನದು ದೇವರು ಕೊಟ್ಟದ್ದು. ಈ ಅಭ್ಯಾಸ ನಮಗೆ ಹೊಸದೂ ಅಲ್ಲ. ಕನ್ನಡ ನಾಡಿನ ಜನ ಶಾಸ್ತ್ರ ಓದದೆಯೇ ಕಾವ್ಯದಲ್ಲಿ ಪಳಗಿದ ಬುದ್ಧಿಯವರು ಎಂಬ ‘ಕವಿರಾಜಮಾರ್ಗ’ದ ಹೊಗಳಿಕೆಯನ್ನು ಸಾವಿರ ವರ್ಷಕ್ಕೂ ಮಿಕ್ಕಿ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇವೆ. ಹೆಮ್ಮೆ ಪಡಬಾರದೆಂದಲ್ಲ. ಆದರೆ ಹಾಗೆ ಹೊಗಳಿಸಿಕೊಂಡವರಿಗೆ ಆ ಕಾವ್ಯಬುದ್ಧಿಯಿಂದ ಆಸ್ಥಾನದಲ್ಲಿ ಒಂದು ಪೀಠ ಸಿಕ್ಕಿತೇ? ಹುಟ್ಟುಗುಣಕ್ಕೆ ಸಂಬಳ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ಕಲಿತ ವಿದ್ಯೆಗೆ ಮಾತ್ರ ಇದೆ. ಮಂದಣ್ಣನ ಜ್ಞಾನವನ್ನು ವರವೆಂದು ಕರೆದ ಕ್ಷಣವೇ ಅವನನ್ನು ನೌಕರಿಯ ಲೆಕ್ಕದಿಂದ ಹೊರಗಿಟ್ಟಂತಾಯಿತು. ಕರ್ವಾಲೊ ಅವರ ಪ್ರೀತಿಯಲ್ಲಿ ಕಪಟವಿಲ್ಲ; ಅವರು ಬಳಸಿದ ಮಾತಿನಲ್ಲಿ ಈ ತೊಡಕಿದೆ.

ತೇಜಸ್ವಿ ಇದನ್ನು ಕಂಡಿದ್ದರೇ? ಅರ್ಧ ಕಂಡಿದ್ದರು ಎನ್ನುತ್ತೇನೆ. ಕನ್ನಡ ಎಂ.ಎ. ಮಾಡಿ, ಮೇಷ್ಟರ ಕೆಲಸದತ್ತ ಹೋಗದೆ ಮೂಡಿಗೆರೆಯಲ್ಲಿ ಕಾಫಿ ತೋಟಕ್ಕಿಳಿದವರು ಅವರು. ನೌಕರಿ ಬೇಡವೆನ್ನುವ ಧೈರ್ಯ ಅವರದು, ನೌಕರಿಯೊಂದು ಸಿಕ್ಕರೆ ಸಾಕೆನ್ನುವ ದೈನ್ಯ ಮಂದಣ್ಣನದು. ಎರಡನ್ನೂ ಸ್ವಭಾವದ ವ್ಯತ್ಯಾಸವೆಂದು ಬರೆದರೆ ಅನ್ಯಾಯವಾಗುತ್ತದೆ. ಕುವೆಂಪು ಅವರ ಮಗನಾಗಿ ಹುಟ್ಟಿದವನಿಗೆ ಬೇಡವೆನ್ನುವುದು ಒಂದು ಆಯ್ಕೆಯಾಗಿ ಕಾಣುತ್ತದೆ. ಮಂದಣ್ಣ ಬೇಡವೆಂದರೆ ಅದು ಸೋಮಾರಿತನಕ್ಕೆ ಇನ್ನೊಂದು ಪುರಾವೆ. ಕಾದಂಬರಿಯ ನಿರೂಪಕನನ್ನು ತೇಜಸ್ವಿ ಎಷ್ಟು ಸಲ ಬೇಸ್ತುಬೀಳಿಸಿ ನಗುತ್ತಾರೆಂದು ನೋಡಿದರೆ, ಓದಿದವನ ಈ ಠೇಂಕಾರ ಅವರಿಗೆ ಚೆನ್ನಾಗಿ ಗೊತ್ತಿತ್ತೆಂದು ತಿಳಿಯುತ್ತದೆ. ಬಿರಿಯಾನಿ ಕರಿಯಪ್ಪನೂ ಪ್ರಭಾಕರನೂ ಒಂದೇ ತಂಡದಲ್ಲಿ ಕಾಡು ನುಗ್ಗುವಾಗ ಯಾರಿಗೆ ಏನು ಗೊತ್ತು ಎನ್ನುವುದೊಂದೇ ಲೆಕ್ಕಕ್ಕೆ ಬರುತ್ತದೆ, ಯಾರು ಏನು ಓದಿದ್ದಾರೆ ಎನ್ನುವುದು ಉಪಯೋಗಕ್ಕೇ ಬರುವುದಿಲ್ಲ. ಕನ್ನಡದಲ್ಲಿ ಅಂಥ ತಂಡ ಅದಕ್ಕೂ ಮೊದಲು ಬಂದಿರಲಿಲ್ಲ.

ಅವರು ಕಾಣದೆ ಬಿಟ್ಟದ್ದೂ ಇದೆ. ಮಂದಣ್ಣನನ್ನು ಕಟ್ಟಿಕೊಳ್ಳುವ ಹುಡುಗಿಗೆ ಏನು ಗೊತ್ತಿತ್ತು, ಅವಳ ಕಣ್ಣಿಗೆ ಕಾಡು ಹೇಗೆ ಕಾಣುತ್ತಿತ್ತು ಎಂದು ಕರ್ವಾಲೊ ಕೇಳುವುದಿಲ್ಲ, ನಿರೂಪಕನೂ ಕೇಳುವುದಿಲ್ಲ. ಸೊಪ್ಪು, ಬೇರು, ಅಣಬೆ ಬಲ್ಲ ಹೆಂಗಸರು ಮಲೆನಾಡಿನಲ್ಲಿ ಮನೆಗೊಬ್ಬರಿರುತ್ತಾರೆ. ಮಂದಣ್ಣನಿಗೆ ಒಬ್ಬ ಭಾವಕ ಸಿಕ್ಕ, ಅವಳಿಗೆ ಮಂದಣ್ಣ ಸಿಕ್ಕ.

ಕೆಲವು ವರ್ಷಗಳಿಂದ ನಮ್ಮ ವಿದ್ಯಾರ್ಥಿಗಳು ತಮ್ಮ ವ್ಯಕ್ತಿತ್ವದ ಬಗೆಯನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳಿಕೊಳ್ಳುವುದನ್ನು ಕೇಳುತ್ತಿದ್ದೇನೆ. ನಾನು ಅಂತರ್ಮುಖಿ, ಮಾರ್ಕೆಟಿಂಗ್ ನನಗಾಗದು. ನಾನು ಹೀಗೆ, ನಾನು ಹಾಗೆ. ಹತ್ತು ನಿಮಿಷದ ಪ್ರಶ್ನಾವಳಿಯಲ್ಲಿ ಬಂದ ಉತ್ತರವನ್ನು ಜಾತಕದಂತೆ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಹಳ್ಳಿಯ ಶಾಲೆಗೆ ಮೊದಲಿಗನಾಗಿದ್ದ ಹುಡುಗ ಬೆಂಗಳೂರಿನ ಕಾಲೇಜು ಸೇರಿದ ಮೊದಲ ಸೆಮಿಸ್ಟರಿನಲ್ಲೇ ತಾನು ದಡ್ಡನೆಂದು ತೀರ್ಮಾನಿಸಿಕೊಳ್ಳುತ್ತಾನೆ. ಅವನ ಬುದ್ಧಿ ಜೂನ್‌ನಿಂದ ಡಿಸೆಂಬರಿಗೆ ಕಡಿಮೆಯಾಗಿರುವುದಿಲ್ಲ, ಸುತ್ತಲಿನವರು ಬದಲಾಗಿರುತ್ತಾರೆ ಅಷ್ಟೆ. ಹರ್ಬರ್ಟ್ ಮಾರ್ಷ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲಿ ಇದನ್ನು ಸಣ್ಣ ಕೊಳದ ದೊಡ್ಡ ಮೀನಿನ ಉದಾಹರಣೆ ಕೊಟ್ಟು ವಿವರಿಸಿದರು. ಒಂದೇ ಸಾಮರ್ಥ್ಯದ ಇಬ್ಬರಲ್ಲಿ, ಆಯ್ದ ಬುದ್ಧಿವಂತರ ಶಾಲೆಗೆ ಹೋದವನು ತನ್ನ ಬಗ್ಗೆ ಕೀಳಾಗಿ ಎಣಿಸಿಕೊಳ್ಳುವ ಸಂಭವ ಹೆಚ್ಚು. ಆ ಹುಡುಗನಿಗೆ ಯಾರೂ ಇದನ್ನು ಹೇಳುವುದಿಲ್ಲ. ಬದಲಿಗೆ ಅವನನ್ನು ಆತ್ಮವಿಶ್ವಾಸ ಹೆಚ್ಚಿಸುವ ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲಿ ಕನ್ನಡಿಯ ಮುಂದೆ ನಿಂತು ನಾನು ಸಮರ್ಥ ಎಂದು ಹೇಳಿಕೊಳ್ಳಲು ಕಲಿಸುತ್ತಾರೆ. ಬಂಡೂರ ಅವರ ನಾಲ್ಕು ಮೂಲಗಳಲ್ಲಿ ಕನ್ನಡಿ ಇಲ್ಲ. ತನ್ನ ಶಕ್ತಿ ಮರೆತು ಕಡಲ ದಂಡೆಯಲ್ಲಿ ಸುಮ್ಮನೆ ಕೂತಿದ್ದ ಹನುಮಂತನ ಎದುರೂ ಕನ್ನಡಿ ಇರಲಿಲ್ಲ, ಜಾಂಬವಂತನಿದ್ದ. ಅವನಿಗೆ ಹನುಮಂತನ ಹುಟ್ಟಿನಿಂದ ಹಿಡಿದು ಎಲ್ಲ ಗೊತ್ತಿತ್ತು. ಸುಮ್ಮನೆ ಬೆನ್ನು ತಟ್ಟಲಿಲ್ಲ.

‘ಕರ್ವಾಲೊ’ದ ಕೊನೆ ಎಲ್ಲರಿಗೂ ನೆನಪಿರುತ್ತದೆ. ಅಷ್ಟು ಹುಡುಕಿದ ಓತಿ ಕಣ್ಣೆದುರೇ ಪ್ರಪಾತದ ಮೇಲೆ ತೇಲಿ ಹೋಗುತ್ತದೆ, ಕರ್ವಾಲೊ ಅವರು ನೋಡುತ್ತ ನಿಲ್ಲುತ್ತಾರೆ. ವಿಮರ್ಶಕರು ಆ ಕ್ಷಣದ ಬಗ್ಗೆ ಬಹಳ ಬರೆದಿದ್ದಾರೆ, ಬರೆಯಬೇಕಾದದ್ದೇ. ಪ್ರತಿ ಸಲ ಅಲ್ಲಿಗೆ ಬಂದಾಗ ನನ್ನ ಕಣ್ಣು ಮಾತ್ರ ಮಂದಣ್ಣನನ್ನು ಹುಡುಕುತ್ತದೆ. ಓತಿಯನ್ನು ಮೊದಲು ಕಂಡವನು ಅವನು. ಸಾಹೇಬರು ಮೂಡಿಗೆರೆಗೆ ಹಿಂತಿರುಗಿದರೆ ಅವರ ಕೆಲಸ, ಸಂಬಳ, ಮೇಜು ಕಾದಿರುತ್ತವೆ. ನಿರೂಪಕನಿಗೆ ಗದ್ದೆ ಇದೆ, ಬರೆಯಲು ಒಂದು ಕಾದಂಬರಿಯೂ ಸಿಕ್ಕಿತು. ಮಂದಣ್ಣ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದನೋ, ಮಾರನೆಯ ದಿನ ಬೆಳಿಗ್ಗೆ ಎದ್ದು ಯಾವ ಕೆಲಸಕ್ಕೆ ಹೋದನೋ, ಪುಸ್ತಕದಲ್ಲಿಲ್ಲ.